ಓಬೆಡ್ ಎದ್ದು ನಿಂತ ದಿನ

ಅಮೆರಿಕದ ವರ್ಮಾಂಟ್ ಗುಡ್ಡದ ಮೇಲಿನ ಆ ಕಾಲೇಜಿನಲ್ಲಿ ಓಬೆಡ್ ಟಕರ್ ಗಂಟೆ ಹೊಡೆದ ಮೇಲೇ ಬೆಳಗಾಗುತ್ತಿತ್ತು. ಹುಡುಗರು ಅವನಿಗೆ ಹಿಡಿಶಾಪ ಹಾಕುತ್ತಲೇ ಹಾಸಿಗೆ ಬಿಟ್ಟೇಳುತ್ತಿದ್ದರು. ಅಧ್ಯಕ್ಷರು ರೆವರೆಂಡ್ ಎಲಿಫಲೆಟ್ ಮಾರ್ಷ್. ದಿಮ್ಮಿ ಹೊತ್ತು ಆ ಕಾಲೇಜು ಕಟ್ಟಿದವರೂ ಅವರೇ, ಪಾಠ ಹೇಳುವವರೂ ಅವರೇ, ತಪ್ಪು ಮಾಡಿದವರ ಕಿವಿ ಹಿಂಡುವವರೂ ಅವರೇ. ಅವರ ಪ್ರಾರ್ಥನಾಮಂದಿರದಲ್ಲಿ ಒಂದು ಕ್ರಮವಿತ್ತು. ಎಲ್ಲರೂ ಕೂತಿರುವಾಗ ತಪ್ಪು ಮಾಡಿದವನು ತಾನಾಗಿ ಎದ್ದು ನಿಂತು ಬಾಯಿ ಬಿಡಬೇಕು.

ಅಧ್ಯಕ್ಷರಿಗೆ ಕುಡುಕರನ್ನು ಕಂಡರಾಗದು. ಓಬೆಡ್‌ಗೋ ಸೇಬಿನ ಹೆಂಡವೆಂದರೆ ಪ್ರಾಣ. ಒಂದು ಸಂಜೆ ಕಂಠಪೂರ್ತಿ ಏರಿಸಿ, ಗಂಟೆಗೋಪುರಕ್ಕೆ ಬೀಗ ಹಾಕುವುದನ್ನೇ ಮರೆತ. ಬೆಳಿಗ್ಗೆ ನೋಡಿದರೆ ಗೋಪುರದ ಮೇಲೆ ಅಧ್ಯಕ್ಷರದೇ ಹಸು ಅಂಬಾ ಎನ್ನುತ್ತಿದೆ. ಹತ್ತಿದ್ದೇನೋ ಹತ್ತಿತ್ತು, ಇಳಿಯಲೊಲ್ಲದು.

"ಬೀಗ ಹಾಕಿದ್ಯೇನಪ್ಪಾ, ಓಬೆಡ್?" ಎಂದರು ಅಧ್ಯಕ್ಷರು.

"ಹಾಕ್ದೆ ಇರ್ತೀನಾ, ಅಯ್ನೋರೆ?"

"ಹಾಗಾದ್ರೆ ಕೀಲಿ ಇನ್ಯಾರ ಹತ್ರ ಇತ್ತು?"

ಕೆಲಸ ಹೋದರೆ ಹೆಂಡತಿ ಹಿಟ್ಟಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಓಬೆಡ್‌ನ ನಾಲಿಗೆ ಹೊರಳಿತು. "ಲೆಮ್ ಎಗರಿಸಿರ್ಬೇಕು. ರಾತ್ರಿ ಅವ್ನು ಹಸು ಹೊಡ್ಕೊಂಡು ಹೋಗ್ತಿದ್ದದ್ದನ್ನ ನಾನೇ ಕಂಡೆ."

ಲೆಮ್ ಕೋಣೆಗಳನ್ನು ಗುಡಿಸಿಕೊಂಡು ಓದುತ್ತಿದ್ದ ಬಡ ವಿದ್ಯಾರ್ಥಿ. "ನಾನಲ್ಲ" ಎಂದ. ಅಧ್ಯಕ್ಷರು ಕಿವಿಗೇ ಹಾಕಿಕೊಳ್ಳದೆ ಅವನನ್ನು ಹೊರಗಟ್ಟಿದರು. ಅವನು ಪೆಟ್ಟಿಗೆ ಹೆಗಲಿಗೇರಿಸಿ, ಓಬೆಡ್‌ನನ್ನು ಒಮ್ಮೆ ತಿರುಗಿ ನೋಡಿ, ಗುಡ್ಡ ಇಳಿದು ಹೋದ.

ಹಿಮ ಕರಗುವ ಹೊತ್ತಿಗೆ ಹಸು ಹತ್ತಿಸಿದ ಪುಂಡರು ತಾವೇ ಬಾಯಿಬಿಟ್ಟರು. ಮಾರ್ಷ್ ಕುದುರೆ ಹತ್ತಿ ಲೆಮ್‌ನನ್ನು ಹುಡುಕಿಕೊಂಡು ಹೋದರು. ಅವನು ಕಾಲುವೆ ತೋಡುವ ಕೂಲಿಗೆ ಸೇರಿ ಜ್ವರ ಬಂದು ಸತ್ತುಹೋಗಿದ್ದ. ಮರಳಿ ಬಂದ ಭಾನುವಾರ, ಎಲ್ಲರೂ ಕೂತಿದ್ದಾಗ, ಅಷ್ಟು ದೊಡ್ಡ ಮನುಷ್ಯ ಎದ್ದು ನಿಂತರು.

"ಆ ಹುಡುಗನ ಮಾತನ್ನ ನಾನು ಕೇಳ್ಲಿಲ್ಲ. ಪಾಪ, ಓಬೆಡ್ ಕತ್ತಲಲ್ಲಿ ಯಾರನ್ನೋ ಕಂಡು ಲೆಮ್ ಅಂದ್ಕೊಂಡ. ಅವನದೇನೂ ತಪ್ಪಿಲ್ಲ. ತಪ್ಪು ನಂದು."

ಓಬೆಡ್ ಆಗಲೇ ಎದ್ದು ನಿಜ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಪುಣ್ಯಾತ್ಮ ಬೆಂಚಿಗೆ ಅಂಟಿಕೊಂಡು ಕೂತ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು.

ಅಲ್ಲಿಂದಾಚೆಗೆ, ಎಲ್ಲರೆದುರು ಆರೋಪ ಹೊತ್ತವನ ಮಾತು ಕೇಳದೆ ಆ ಕಾಲೇಜು ಯಾರನ್ನೂ ಹೊರಹಾಕಲಿಲ್ಲ. ಅದಕ್ಕೆ ಮಾರ್ಷ್ ಕಟ್ಟಳೆ ಎಂದೇ ಹೆಸರು ಬಿತ್ತು. ಅವರು ತೀರಿಕೊಂಡ ಮೇಲೂ ವರ್ಷವರ್ಷ ಅವರ ನೆನಪಿನ ದಿನ ಅದೇ ಕತೆ: ಹಸು, ಲೆಮ್, ತಪ್ಪೊಪ್ಪಿಕೊಂಡ ಅಧ್ಯಕ್ಷರು. ಓಬೆಡ್ ಕುಡಿತ ಬಿಟ್ಟ, ಕತೆ ಅವನನ್ನು ಬಿಡಲಿಲ್ಲ. "ತಾತ, ಆ ಹಸು ಕತೆ ಹೇಳು" ಎಂದು ಹುಡುಗರು ಗಂಟುಬಿದ್ದಾಗ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು. ಲೆಮ್ ತಿರುಗಿ ನೋಡಿದ್ದು ಕಣ್ಣಿಗೆ ಕಟ್ಟುತ್ತಿತ್ತು.

ಬೆನ್ನು ಬಾಗಿದ ಮೇಲೆ ಒಂದು ವರ್ಷ, ಸಾಯುವುದರೊಳಗೆ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿದ. ಹೊಸ ಅಧ್ಯಕ್ಷರು ಕತೆ ಮುಗಿಸುತ್ತಿದ್ದಂತೆ ಮುಂದಿನ ಬೆಂಚು ಹಿಡಿದು ಎದ್ದು ನಿಂತ. ಬಾಯಿ ತೆರೆದ.

"ನೋಡಿ, ನಮ್ಮ ಓಬೆಡ್ ತಾತನ್ನ," ಎಂದರು ಹೊಸ ಅಧ್ಯಕ್ಷರು. "ಹಳೇ ಯಜಮಾನರ ಮೇಲಿನ ಗೌರವಕ್ಕೆ ಈ ವಯಸ್ಸಲ್ಲೂ ಎದ್ದು ನಿಂತಿದ್ದಾರೆ. ನಾವು ಕೂತಿರೋದಾ?"

ಇಡೀ ಮಂದಿರ ದಡಬಡ ಎದ್ದು ನಿಂತಿತು. ಎಲ್ಲರೂ ನಿಂತ ಮೇಲೆ ತಪ್ಪಿತಸ್ಥ ಯಾರೆಂದು ಗೊತ್ತಾಗುವುದು ಹೇಗೆ? ಓಬೆಡ್ ಸುತ್ತಲೂ ನೋಡಿದ. ತೆರೆದ ಬಾಯಿ ಮುಚ್ಚಿ, ಅಷ್ಟು ಜನರ ನಡುವೆ ತಾನೊಬ್ಬನೇ ಮೆಲ್ಲಗೆ ಕೂತ.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಹಿಟ್ಟಿ ಬಗ್ಗಿ ಕೇಳಿದಳು, "ಏನ್ರೀ, ಕಾಲು ನೋವಾ?"

"ಹೂಂ ಕಣೇ," ಎಂದ ಓಬೆಡ್, ತಲೆ ಎತ್ತದೆ. "ಕಾಲು ನೋವು."