ಖಾಲಿ ಚೀಟಿಗೆ ಹೆದರುವ ಮೇಡಂ

ಮಾಗಿಯ ಚಳಿ ಇನ್ನೂ ಬಿಟ್ಟಿಲ್ಲ. ಮರಳೂರಿನ ಬೀದಿಯಲ್ಲಿ ಹಾಲಿನವನ ಸೈಕಲ್ಲಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿಲ್ಲ. ಕುಣಿಗಲ್ ರಸ್ತೆಗೆ ಬೆನ್ನು ಹಾಕಿ ನಿಂತ ಬಾಡಿಗೆ ಮನೆಯ ಅಡುಗೆ ಕೋಣೆಯಲ್ಲಿ ಅವರೆಕಾಳು ಬೇಯುತ್ತಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ವನಜಾಕ್ಷಿಯವರ ಮುಂದೆ ಅಂಗೈಯಗಲದ ಚೀಟಿಗಳು ಹರಡಿವೆ. ಒಂದೊಂದನ್ನೇ ಎತ್ತಿ ಓದುತ್ತಾರೆ, ಒಂದು ಗಳಿಗೆ ತಡೆಯುತ್ತಾರೆ, ಆಮೇಲೆ ಯಾವುದೋ ಒಂದು ಗುಂಪಿಗೆ ಸೇರಿಸುತ್ತಾರೆ. ಬಾಗಿಲ ಸಂದಿನ ಗಾಳಿಗೆ ಹಾರಿಹೋಗದಂತೆ ಗುಂಪುಗಳ ಮೇಲೆ ಲೋಟ, ಸೌಟು, ಲಟ್ಟಣಿಗೆ, ಉಪ್ಪಿನ ಡಬ್ಬಿ ಇಟ್ಟಿದ್ದಾರೆ.

"ವೀಳ್ಯದೆಲೆ ಕಟ್ಟು ಮಾಡೋರಂಗೆ ಕೂತವ್ಳೆ ನೋಡು," ಎನ್ನುತ್ತಾರೆ ಅತ್ತೆ ಮಹಾಲಕ್ಷ್ಮಮ್ಮ, ಒಲೆಯ ಮುಂದೆ ನಿಂತು. "ಸೌಟು ಕೊಡೇ ವನಜಾ, ತಳ ಹಿಡೀತದೆ. ನಿನ್ ಸ್ಕೂಲ್ ಮಕ್ಳು ತಪ್ಪು ಬರುದ್ರೆ ನಾವು ಸೀದ ಸಾರು ಉಣ್ಬೇಕಾ?"

"ಒಂದ್ನಿಮಿಷ ಅತ್ತೆ, ಸೌಟಿನ ಗುಂಪು ಮುಗೀತು ಅನ್ನಿ."

ಈ ಚೀಟಿಗಳು ಹಿಂದಿನ ದಿನ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಬರೆದುಕೊಟ್ಟವು. ದಿನಕ್ಕೊಂದು ಪ್ರಶ್ನೆ, ಅದಕ್ಕೆ ನಾಲ್ಕು ಸಾಲು ಉತ್ತರ. ಇದಕ್ಕೆ ಅಂಕ ಇಲ್ಲ. ಒತ್ತಕ್ಷರ ಬಿಟ್ಟವರು ಲೋಟದ ಕೆಳಗೆ. ವಾಕ್ಯ ಶುರು ಮಾಡಿ ಮುಗಿಸದವರು ಸೌಟಿನ ಕೆಳಗೆ. 'ಅವನು' ಎಂದು ಹೊರಟು 'ಬಂದಳು' ಎಂದು ನಿಲ್ಲಿಸಿದವರು ಲಟ್ಟಣಿಗೆಗೆ. ವಾಕ್ಯಗಳೆಲ್ಲ ಸರಿಯಿದ್ದರೂ ಮೊದಲು ಆಗಿದ್ದನ್ನು ಕೊನೆಗೆ ಹೇಳಿದವರು ಉಪ್ಪಿನ ಡಬ್ಬಿಗೆ. ಗೋಡೆಯ ಪಕ್ಕದಲ್ಲಿ ಐದನೆಯ ಗುಂಪೊಂದಿದೆ. ಅಲ್ಲಿಗೆ ಹೋಗುವುದು ಹೆಸರು ಮಾತ್ರ ಇರುವ ಖಾಲಿ ಚೀಟಿಗಳು.

"ತಪ್ಪಿಗೆ ನಂಗೆ ಭಯ ಇಲ್ಲ," ಎನ್ನುತ್ತಾರೆ ವನಜಾಕ್ಷಿ. "ಇವತ್ತು ಯಾರಿಗೆ ಏನು ಪಾಠ ಮಾಡ್ಬೇಕು ಅಂತ ತಪ್ಪೇ ಹೇಳುತ್ತೆ. ಖಾಲಿ ಬಂದ್ರೆ ಏನಂತ ಶುರು ಮಾಡ್ಲಿ ಹೇಳಿ."

ಈ ಗುರುವಾರ ಗೋಡೆಯ ಪಕ್ಕ ಎರಡು ಚೀಟಿ. ಒಂದು ಜ್ವರ ಬಂದು ತರಗತಿಯಲ್ಲೇ ಮಲಗಿದ ಹುಡುಗನದು. ಇನ್ನೊಂದರ ಮೇಲೆ 'ಶಾಂತಲಾ, ಐದನೇ ತರಗತಿ' ಎಂದಿದೆ. ಈ ವಾರ ಪೂರ್ತಿ ಅದೇ ಹೆಸರು. ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ಪ್ರತಿ ಮಗುವಿನ ಪ್ರಗತಿ ಕಾರ್ಡನ್ನು ಅಪ್ಪ ಅಮ್ಮಂದಿರ ಎದುರು ಓದಿ ಹೇಳಬೇಕು. ಹೆಸರು ಕಂಡದ್ದೇ ವನಜಾಕ್ಷಿಯವರ ಕೈ ಸೆರಗಿನ ತುದಿಗೆ ಹೋಗಿ ಅದನ್ನು ಸುತ್ತತೊಡಗುತ್ತದೆ.

ಅವರ ಶಾಲೆ ಇರುವುದು ಮಾರ್ಕೋನಹಳ್ಳಿಯ ನಾಲೆ ಬಯಲಿನಾಚೆ, ಜೋಡಿಗಟ್ಟೆಪಾಳ್ಯದಲ್ಲಿ. ಮರಳೂರಿನಿಂದ ಕುಣಿಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ನಾಲೆ ಏರಿಯ ಮೇಲೆ ನಡಿಗೆ. ತವರು ಗುಬ್ಬಿ ಕಡೆ. ತಂದೆ ರಾಮಾಂಜಿನಯ್ಯನವರಿಗೆ ಸ್ವಲ್ಪ ತೆಂಗು, ಸ್ವಲ್ಪ ರಾಗಿ ಹೊಲ. ತುಮಕೂರಿನಲ್ಲಿ ಶಿಕ್ಷಕರ ತರಬೇತಿ ಟಿ.ಸಿ.ಎಚ್. ಮುಗಿಸಿ ತೊಂಬತ್ನಾಲ್ಕರಲ್ಲಿ ಕೆಲಸಕ್ಕೆ ಸೇರಿದಾಗ ಅವರೂ ಎಲ್ಲರಂತೆಯೇ ಪಾಠ ಮಾಡುತ್ತಿದ್ದರು: ಸೋಮವಾರ ಲಿಂಗ, ಮಂಗಳವಾರ ವಚನ, ಬುಧವಾರ ಹಸುವಿನ ಮೇಲೆ ಪ್ರಬಂಧ. ಹಸುವಿನ ಪ್ರಬಂಧವನ್ನು ಇಡೀ ತರಗತಿ ಒಂದಕ್ಷರವೂ ಹೆಚ್ಚುಕಮ್ಮಿಯಿಲ್ಲದೆ ಬರೆಯುತ್ತಿತ್ತು. ಒಂದು ದಿನ "ನಿಮ್ಮನೆ ಹಸು ನಿನ್ನೆ ಏನ್ ಮಾಡ್ತು, ಬರೀರಿ" ಎಂದರೆ ಅರ್ಧ ತರಗತಿ ಬಳಪ ಕಚ್ಚಿಕೊಂಡು ಕೂತಿತು. ದಿನಕ್ಕೊಂದು ಪ್ರಶ್ನೆಯೂ ಗುಂಪು ಮಾಡುವ ಪದ್ಧತಿಯೂ ಅಲ್ಲಿಂದ ಶುರುವಾದವು.

ಮೊದಮೊದಲು ಮಕ್ಕಳು ಬರೆಯುತ್ತಿದ್ದುದು ಸ್ಲೇಟಿನ ಮೇಲೆ. ಸಂಜೆ ಸ್ಲೇಟುಗಳನ್ನೇ ಜಗಲಿಯಲ್ಲಿ ಗುಂಪು ಮಾಡಿ ನೋಡುತ್ತಿದ್ದರು. ಮಕ್ಕಳು ವಾರದಿಂದ ವಾರಕ್ಕೆ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುವುದನ್ನು ಕಂಡ ಆ ಹುರುಪಿನಲ್ಲೇ, ಎರಡು ಸಾವಿರದ ಒಂದರ ಪೋಷಕರ ಸಭೆಯಲ್ಲಿ ಸ್ಲೇಟಿನ ಗುಂಪುಗಳನ್ನು ಊರವರ ಮುಂದೆಯೇ ಇಟ್ಟರು. ಮಗು ಎಲ್ಲಿದೆ ಎಂದು ಗೊತ್ತಾದರೆ ಮನೆಯವರೂ ಕೈ ಜೋಡಿಸುತ್ತಾರೆ ಎಂದು ಅವರ ಎಣಿಕೆ. ಓಬಳಯ್ಯ ಎಂಬ ಗದ್ದೆಯ ರೈತ, ಖಾಲಿ ಸ್ಲೇಟಿನ ಗುಂಪಿನಲ್ಲಿ ತನ್ನ ಹಿರಿಮಗಳು ಪ್ರಮೀಳಾಳ ಹೆಸರು ಕೇಳಿಸಿಕೊಂಡು ಎದ್ದು ನಿಂತು, "ಮೂರ್ ತಿಂಗ್ಳಿಂದ ಇದೇ ಗುಂಪಲ್ಲವ್ಳಾ?" ಎಂದ. ವನಜಾಕ್ಷಿ ಹೌದೆಂದರು.

"ಅಂದ್ರೆ ಇವ್ಳಿಗೆ ವಿದ್ಯೆ ಹತ್ತಾಕಿಲ್ಲ. ನೀವೇ ಹೇಳುದ್ರಲ್ಲ, ಒಳ್ಳೇದಾಯ್ತು ಬುಡಿ."

ಸೋಮವಾರದಿಂದ ಪ್ರಮೀಳಾ ಶಾಲೆಗೆ ಬರಲಿಲ್ಲ. ವನಜಾಕ್ಷಿ ಮನೆಯ ಬಾಗಿಲಿಗೆ ಹೋದರು, ಮುಖ್ಯೋಪಾಧ್ಯಾಯರನ್ನು ಕಳಿಸಿದರು, ಕೈ ಮುಗಿದರು. ಹುಡುಗಿ ಮೊದಲು ಎಮ್ಮೆಯ ಹಿಂದೆ ಹೋದಳು, ಈಗ ತೆಂಗಿನ ನಾರಿನ ಶೆಡ್ಡಿಗೆ ಹೋಗುತ್ತಾಳೆ. ಶಾಂತಲಾ ಅವಳ ತಂಗಿ. ದೀಪಾವಳಿಯ ಹೊತ್ತಿಗೆ ಓಬಳಯ್ಯ ನಾಲೆ ಏರಿಯ ಮೇಲೆ ಸಿಕ್ಕಿ ಹೇಳಿದ ಮಾತು ವನಜಾಕ್ಷಿಯವರ ಕಿವಿಯಲ್ಲಿ ಇನ್ನೂ ಇದೆ: "ಇವ್ಳೂ ಅಕ್ಕನಂಗೇ ಆದ್ರೆ ಮೊದ್ಲೇ ಹೇಳ್ಬುಡಿ ಮೇಡಮ್ಮೋರೆ. ಸುಮ್ಕೆ ಯಾಕೆ ಕಾಲ ಕಳೀಬೇಕು, ಜೊತೇಲಿ ನಾರಿಗೆ ಹೋಯ್ತಾಳೆ."

ಶಾಲೆಯಲ್ಲಿ ಗುರುವಾರ ಮಧ್ಯಾಹ್ನ ಮುಖ್ಯೋಪಾಧ್ಯಾಯ ಲಕ್ಷ್ಮೀನರಸಿಂಹಯ್ಯನವರು ಕಾರ್ಡುಗಳ ಕಟ್ಟನ್ನು ಮುಂದಿಟ್ಟುಕೊಂಡು ಕೂತಿದ್ದಾರೆ. ಕೆಟ್ಟವರಲ್ಲ. ನಿವೃತ್ತಿ ಹತ್ತಿರವಿರುವ, ಮಕ್ಕಳು ಶಾಲೆ ಬಿಟ್ಟರೆ ಬರುವ ನೋಟಿಸಿಗೆ ಹೆದರುವ ಮನುಷ್ಯ.

"ಬರವಣಿಗೆ ಕಾಲಮ್ಮಿಗೆ ಒಂದು ಬಿ ಹಾಕ್ಬಿಡಿ ಮೇಡಂ. ಹುಡುಗೀನೂ ಉಳೀತಾಳೆ, ನಮ್ ತಲೇನೂ ಉಳೀತದೆ."

"ನಾಳೆ ಹೊರಗಿನೋರು ಪರೀಕ್ಷೆ ಮಾಡೋಕೆ ಬಂದು ಅವಳ ಕೈಲಿ ಬರ್ಸಿದ್ರೆ ಸರ್?"

"ಅವ್ರು ಬರೋ ಹೊತ್ಗೆ ನಾನು ರಿಟೈರ್ಡು, ನೀವು ಟ್ರಾನ್ಸ್‌ಫರ್ರು." ನಗುತ್ತಾರೆ, ಆದರೆ ನಗು ಮುಖದಲ್ಲಿ ಉಳಿಯುವುದಿಲ್ಲ. "ಓಬಳಯ್ಯ ಹಠವಾದಿ ಕಣ್ರಮ್ಮ. ಯೋಚ್ನೆ ಮಾಡಿ."

ವನಜಾಕ್ಷಿ ಯೋಚನೆ ಮಾಡುತ್ತಾರೆ. ಬಸ್ಸಿನಲ್ಲಿ, ಕುಣಿಗಲ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ರಾತ್ರಿ ಊಟದ ತಟ್ಟೆಯ ಮುಂದೆ. ಬಿ ಎಂದು ಬರೆದರೆ ಶಾಂತಲಾ ಉಳಿಯುತ್ತಾಳೆ, ಆದರೆ ಏನೂ ಬರೆಯಲಾರದ ಹುಡುಗಿಯನ್ನು ಆರನೇ ತರಗತಿಗೆ ದೂಡಿದ ಹಾಗಾಗುತ್ತದೆ. ಇದ್ದದ್ದನ್ನು ಬರೆದರೆ ಅವಳು ಹೋಗುತ್ತಾಳೆ. "ಎರಡೂ ಕಡೆ ಬಾವಿ ಇದ್ದಂಗಿತ್ತು," ಎನ್ನುತ್ತಾರೆ.

ಶುಕ್ರವಾರ ಬೆಳಗ್ಗೆ ಅದೇ ನೆಲ, ಅದೇ ಚಳಿ. ಅಂದು ಅವರು ಗುಂಪು ಮಾಡಲು ಹೋಗಲಿಲ್ಲ. ಶಾಂತಲಾಳ ಖಾಲಿ ಚೀಟಿಗಳನ್ನಷ್ಟೇ ಸಾಲಾಗಿ ಜೋಡಿಸಿದರು. ಈ ಕಾಗದ ಬರುವುದು ಅವರ ಯಜಮಾನರು ಕಾಂತೇಶ್ ಲೆಕ್ಕ ಬರೆಯುವ ಕ್ಯಾತ್ಸಂದ್ರದ ಹೆದ್ದಾರಿ ಹೋಟೆಲಿನಿಂದ. ಹಳೆಯ ಬಿಲ್ ಪುಸ್ತಕಗಳು. ಒಂದು ಬದಿ ತಿಂಡಿಯ ಹೆಸರುಗಳು ಅಚ್ಚಾಗಿವೆ, ಇನ್ನೊಂದು ಬದಿ ಬಿಳಿ. ಬಲ್ಬಿನ ಕೆಳಗೆ ಒಂದು ಚೀಟಿ ಎತ್ತಿ ಹಿಡಿದಾಗ ಬಿಳಿಯ ಬದಿಯಲ್ಲೂ 'ಮಸಾಲೆ ದೋಸೆ' ತಿರುಗುಮುರುಗಾಗಿ ಎದ್ದು ಕಂಡಿತು. ಇನ್ನೊಂದು ಎತ್ತಿದರು. ಅಲ್ಲೂ ಹಾಗೇ. ಬೇರೆ ಮಕ್ಕಳ ಚೀಟಿ ಹಿಡಿದು ನೋಡಿದರೆ ಅಚ್ಚು ಇಷ್ಟು ನಿಚ್ಚಳವಾಗಿ ಕಾಣುವುದಿಲ್ಲ.

ಕಾಗದ ತೆಳ್ಳಗಾಗಿದೆ. ಉಜ್ಜಿ ಉಜ್ಜಿ ತೆಳ್ಳಗಾಗಿದೆ.

ಅವಳು ಬರೆಯುತ್ತಿದ್ದಾಳೆ. ಬರೆದದ್ದನ್ನೆಲ್ಲ ಅಳಿಸಿ ಖಾಲಿ ಚೀಟಿ ಕೊಡುತ್ತಿದ್ದಾಳೆ. ಇಷ್ಟು ದಿನ ಅವಳ ಚೀಟಿಗಳು ಗೋಡೆಯ ಪಕ್ಕ, ತಮ್ಮದಲ್ಲದ ಗುಂಪಿನಲ್ಲಿ ಬಿದ್ದಿದ್ದವು. "ಗುಂಪು ಮಾಡಿದ್ದು ನಾನು. ಮಗು ಬರೀತಾನೇ ಇತ್ತು," ಎಂದು ವನಜಾಕ್ಷಿ ಮೆಲ್ಲಗೆ ಹೇಳುತ್ತಾರೆ.

ಆ ದಿನ ತರಗತಿಯಲ್ಲಿ ಅವರು ಒಂದು ಹಾರ್ಲಿಕ್ಸ್ ಬಾಟಲಿ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಾರೆ. ಎಲ್ಲರ ರಬ್ಬರೂ ಅದರೊಳಕ್ಕೆ.

"ರಬ್ಬರ್ ಇಲ್ದೆ ಹೆಂಗ್ ಬರೀಯೋದು ಮಿಸ್?"

"ತಪ್ಪಾದ್ರೆ ಒಂದು ಗೀಟು ಎಳೀರಿ, ಮುಂದಕ್ಕೆ ಹೋಗಿ. ಎಂಜಲು ಹಚ್ಚಿ ಉಜ್ಜಂಗಿಲ್ಲ."

"ನಂತಾವ ರಬ್ಬರೇ ಇಲ್ಲ ಮಿಸ್, ನಾನ್ ತಪ್ಪೇ ಮಾಡಾಕಿಲ್ಲ," ಎನ್ನುತ್ತಾನೆ ಹಿಂದಿನ ಬೆಂಚಿನ ತಿಮ್ಮೇಶ. ಲೋಟದ ಗುಂಪು ಬಿಟ್ಟು ಕದಲದ ಆಸಾಮಿ. ತರಗತಿ ಗೊಳ್ಳೆನ್ನುತ್ತದೆ. ಶಾಂತಲಾ ನಗುವುದಿಲ್ಲ. ಅವಳ ಕೈಯಲ್ಲಿ ಈಗ ಪೆನ್ಸಿಲ್ ಬದಲು ಮೇಡಂ ಕೊಟ್ಟ ಬಾಲ್‌ಪೆನ್ನು. ಪ್ರಶ್ನೆ: ನಿನ್ನೆ ಮನೆಗೆ ಹೋಗುವಾಗ ದಾರಿಯಲ್ಲಿ ಏನು ಕಂಡಿರಿ?

ಹುಡುಗಿ ಒಂದು ಪದ ಬರೆದು ಸುತ್ತ ನೋಡುತ್ತಾಳೆ. ಬೆರಳು ನಾಲಿಗೆಯ ಹತ್ತಿರ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಶಾಯಿ ಹೋಗುವುದಿಲ್ಲ. ಕಣ್ಣು ತುಂಬುತ್ತವೆ. ವನಜಾಕ್ಷಿ ಬೇಕೆಂದೇ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಾರೆ. ಗಂಟೆ ಹೊಡೆದಾಗ ಕೈಗೆ ಬಂದ ಚೀಟಿಯಲ್ಲಿ ಗೀಟುಗಳ ನಡುವೆ ಇಷ್ಟಿದೆ: 'ಕಾಲುವೆ ಪಕ್ಕ ಹಾವು ಇತ್ತು. ನಾನು ನಿಂತೆ. ಅದು ಹೋಯಿತು. ಆಮೇಲೆ ನಾನೂ ಹೋದೆ.' ಎರಡು ಕಡೆ ದೀರ್ಘ ಹಾಕಿ ಹೊಡೆದುಹಾಕಿದ್ದಾಳೆ, ಒಂದು ಕಡೆ 'ಹೊಂಟೋಯ್ತು' ಎಂದು ಬರೆದು ಗೀಟೆಳೆದಿದ್ದಾಳೆ.

"ಇಂಥಾ ನಾಲ್ಕು ಸಾಲು ಎಷ್ಟು ದಿನ ಅಳಿಸಿ ಹೋಗಿದ್ವೋ," ಎನ್ನುತ್ತಾರೆ. ಕಾರ್ಡಿನಲ್ಲಿ ಅವರು ಬರೆದದ್ದು ಸಿ. ಲಕ್ಷ್ಮೀನರಸಿಂಹಯ್ಯನವರು ಅದನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಸಹಿ ಹಾಕುತ್ತಾರೆ.

ಶನಿವಾರದ ಸಭೆಗೆ ಓಬಳಯ್ಯ ಗದ್ದೆಯಿಂದ ನೇರ ಬಂದಿದ್ದಾನೆ, ಕಾಲಿನ ಕೆಸರು ಒಣಗಿಲ್ಲ. ಜೊತೆಯಲ್ಲಿ ಅವನ ತಾಯಿ ಕೊಲ್ಲಾಪುರಮ್ಮ. ಶಾಂತಲಾ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದಾಳೆ. 'ಬರವಣಿಗೆ, ಸಿ' ಎಂದು ಓದಿದ್ದೇ ಓಬಳಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಏಳುತ್ತಾನೆ.

"ಸರಿ ಮೇಡಮ್ಮೋರೆ. ಗೊತ್ತಾಯ್ತು."

"ಕೂತ್ಕೊಳ್ಳಿ ಓಬಳಯ್ಯ. ಇದ್ನ ಬಿಸಿಲಿಗೆ ಹಿಡಿದು ನೋಡಿ." ಅವನು ಖಾಲಿ ಚೀಟಿಯನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾನೆ. ಆಚೆ ಬದಿಯ ಅಚ್ಚಕ್ಷರ ಈಚೆಗೆ ಕಾಣುತ್ತದೆ. "ಬರ್ದು ಬರ್ದು ಅಳಿಸಿದಾಳೆ. ಹೆದ್ರಿಕೊಂಡು. ಇದು ನಿನ್ನೇದು, ಅಳಿಸದೆ ಇರೋದು."

ಓಬಳಯ್ಯನಿಗೆ ಓದಲು ಬಾರದು. ಅವನಿಗೆ ಕಾಣುವುದು ಗೀಟುಗಳು. "ಇಷ್ಟೊಂದು ಹೊಡ್ದಾಕವ್ಳೆ. ಇದೆಲ್ಲಾ ತಪ್ಪಾ?"

ಐದು ವರ್ಷದ ಹಿಂದೆಯೂ ಪ್ರಶ್ನೆ ಹೀಗೇ ಇತ್ತು, ಉತ್ತರ ಹೌದೆಂದೇ ಇತ್ತು.

"ತಪ್ಪೇ," ಎನ್ನುತ್ತಾರೆ ವನಜಾಕ್ಷಿ. "ಅವ್ಳೇ ಕಂಡುಹಿಡಿದು ಅವ್ಳೇ ಹೊಡೆದಿರೋ ತಪ್ಪು. ನಾನು ಹೇಳ್ಕೊಟ್ಟಿದ್ದಲ್ಲ. ಮುಂದೆ ನೋಡಿ, ಅದೇ ಮಾತು ಸರಿಯಾಗಿದೆ."

ನಡುವೆ ಬಾಯಿ ಹಾಕಿದವರು ಕೊಲ್ಲಾಪುರಮ್ಮ. "ಏನ್ಲಾ ಅಂಗ್ ನೋಡ್ತೀಯ? ನೆಟ್ ಪೈರೆಲ್ಲಾ ಬದುಕ್ತದೇನ್ಲಾ? ಸತ್ ಕಡೆ ಕಿತ್ತು ಇನ್ನೊಂದು ಊರಾಕಿಲ್ವಾ ನೀನು? ಗದ್ದೆನೇ ಬುಟ್ಬುಡ್ತೀಯಾ?"

ಅವನು ಚೀಟಿಯನ್ನು ಮೇಜಿನ ಮೇಲಿಟ್ಟು, ಕೆಸರು ತಾಗಿದೆಯೇನೋ ಎಂದು ಬೆರಳಲ್ಲಿ ಮೆಲ್ಲಗೆ ಸವರಿದ. "ಪರೀಕ್ಸೆ ಗಂಟ ಇರ್ಲಿ. ಆಮ್ಯಾಕ್ ನೋಡಾಣ."

ಅಷ್ಟೇ ಸಿಕ್ಕಿದ್ದು. ಕಿಟಕಿಯಲ್ಲಿದ್ದ ಮುಖ ಆಗಲೇ ಮಾಯವಾಗಿದೆ, ಹೊರಗೆ ಓಡುವ ಹೆಜ್ಜೆಯ ಸದ್ದು. ವನಜಾಕ್ಷಿ ಮುಂದಿನ ಕಾರ್ಡು ಎತ್ತಿಕೊಳ್ಳುತ್ತಾರೆ. ಅವರ ಭಯ ಹೋಗಿಲ್ಲ. ಪರೀಕ್ಷೆಗೆ ಇನ್ನು ಎರಡು ತಿಂಗಳೂ ಇಲ್ಲ.

ಸಂಜೆ ನಾಲೆ ಏರಿ ಇಳಿದು ಬಸ್ಸಿಗೆ ನಿಂತಾಗ ನಾರಿನ ಶೆಡ್ಡು ಬಿಟ್ಟ ಹೆಂಗಸರು ಬರುತ್ತಾರೆ. ಕೂದಲು, ಹುಬ್ಬು, ರವಿಕೆಯ ತೋಳು ಎಲ್ಲಕ್ಕೂ ಕಂದು ಧೂಳು. ಅವರಲ್ಲಿ ಪ್ರಮೀಳಾ. ಅಕ್ಕತಂಗಿಯರ ಮುಖ ಒಂದೇ. ಮೇಡಂ ಕಂಡು ತಲೆ ತಗ್ಗಿಸಿ ನಗುತ್ತಾಳೆ. ಶುಕ್ರವಾರ ಬೆಳಗಿನಿಂದ ವನಜಾಕ್ಷಿಯವರ ತಲೆಯಲ್ಲಿರುವ ಪ್ರಶ್ನೆ ಒಂದೇ. ಚೀಟಿ ಉಜ್ಜಿದರೆ ಗುರುತು ಉಳಿಯುತ್ತದೆ, ಸ್ಲೇಟು ಒರೆಸಿದರೆ ಉಳಿಯುವುದಿಲ್ಲ.

"ಪ್ರಮೀಳಾ, ಆವಾಗ ನೀನು ಸ್ಲೇಟಲ್ಲಿ ಏನಾದ್ರೂ ಬರೀತಿದ್ಯಾ?"

ಹುಡುಗಿ ತಮಾಷೆಯ ಮಾತೆಂಬಂತೆ ಹೇಳುತ್ತಾಳೆ, "ಬರೀತಿದ್ದೆ ಮೇಡಂ. ನೀವು ನಮ್ ಸಾಲಿಗೆ ಬರೋ ಹೊತ್ಗೆ ಲಂಗದಲ್ಲಿ ಒರೆಸ್ಬುಡ್ತಿದ್ದೆ."

"ಯಾಕೇ?"

"ಸರಿಗೈತೋ ಇಲ್ವೋ ಅಂತ ಭಯ ಆಗದು."

ವನಜಾಕ್ಷಿ ಬಸ್ಸು ಬರುವ ದಾರಿ ನೋಡುತ್ತಾರೆ, ಏನೂ ಕಾಣುವುದಿಲ್ಲ. "ಭಾನುವಾರ ಶಾಲೆ ಹತ್ರ ಬರ್ತೀಯಾ? ನಾನೂ ಬರ್ತೀನಿ. ಒಂದು ಗಂಟೆ ಸಾಕು."

"ನಾರಿಗೆ ಭಾನ್ವಾರ ಇಲ್ಲ ಮೇಡಂ," ಎನ್ನುತ್ತಾಳೆ ಪ್ರಮೀಳಾ. ಬೇಸರದಿಂದಲ್ಲ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವಂತೆ. ಮುಂದೆ ಹೋದ ಹೆಂಗಸರು ಕೂಗುತ್ತಾರೆ, ಅವಳು ಓಡುತ್ತಾಳೆ.

ನಿಮಗೇನು ಬೇಕು ಎಂದು ಕೇಳಿದರೆ ವನಜಾಕ್ಷಿ ಬಸ್ಸಿನ ಚಿಲ್ಲರೆ ಎಣಿಸತೊಡಗುತ್ತಾರೆ. ಉತ್ತಮ ಶಿಕ್ಷಕಿ ಪ್ರಶಸ್ತಿಯ ಮಾತು ಬಂದರೆ ಕೈ ಆಡಿಸಿಬಿಡುತ್ತಾರೆ. ಬಸ್ಸು ಹತ್ತುವ ಮುಂಚೆ ಇಷ್ಟು ಹೇಳುತ್ತಾರೆ: "ಚಿಕ್ಕೋಳು ಉಳಿದ್ರೆ ಅದು ಅವಳ ಪಾಲು. ದೊಡ್ಡೋಳ ಋಣ ಅದ್ರಲ್ಲಿ ತೀರಲ್ಲ. ಅವಳ ನಾಲ್ಕು ಸಾಲು ನಾನು ಓದೇ ಇಲ್ಲ."