ಎರಡು ಮನೆಯವನ ಸಿನಿಮಾ

ಹೊಸ ಹುಣಸೆಹಣ್ಣಿನ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮೈ ಉರಿಯುತ್ತದೆ. ಮೊನ್ನೆ ಸಂತೆಯಲ್ಲಿ ಒಬ್ಬಾಕೆ ಗೋಣಿತಾಟಿನ ಮೇಲೆ ಹಣ್ಣು ಸುರಿದುಕೊಂಡು ಕೂತಿದ್ದಳು. ಆ ಹುಳಿ ಮೂಗಿಗೆ ಬಡಿದದ್ದೇ ತಡ, ಯಗಟಿಯ ನಮ್ಮ ಮನೆಯ ಪಡಸಾಲೆ, ಉದ್ದಕ್ಕೆ ಹಾಸಿದ ಚಾಪೆ, ಹುಣಸೆಬೀಜ ಬಿಡಿಸುವ ಹೆಂಗಸರ ಅಂಟು ಕೈಗಳು, ನಡುವೆ ಕೂತು ಸಿನಿಮಾ ಕಥೆ ಹೇಳುತ್ತಿದ್ದ ಗೌರತ್ತೆ, ಎಲ್ಲ ಕಣ್ಣಿಗೆ ಕಟ್ಟಿತು. ಸಿನಿಮಾದಲ್ಲಿ ಏನಿದೆ, ನಕ್ಕು ಮರೆತರಾಯಿತು ಎನ್ನುವವರು ನಿಮ್ಮ ಮನೆಯಲ್ಲೂ ಇರಬಹುದು. ಅಂಥವರನ್ನು ಹಿಡಿದು ಕೂರಿಸಿ ಇದನ್ನು ಹೇಳಬೇಕೆಂದು ಬಹಳ ದಿನದಿಂದ ಕಾದಿದ್ದೇನೆ.

ಗೌರತ್ತೆ ನಮ್ಮಪ್ಪನ ತಂಗಿ. ಮದುವೆಯಾಗಿ ಆರು ವರ್ಷವಾಗಿದ್ದರೂ ತವರಿನಲ್ಲೇ ಇದ್ದಳು. ಅವಳ ಗಂಡನಿಗೆ, ಅಂದರೆ ನಮ್ಮ ಮಾವನಿಗೆ, ಬೀರೂರಿನಲ್ಲಿ ರೈಲ್ವೆ ಕೆಲಸ. ಹದಿನೈದು ದಿನಕ್ಕೊಮ್ಮೆ ಬಸ್ಸಿಳಿದು ಬರುತ್ತಿದ್ದ, "ಕ್ವಾರ್ಟರ್ಸ್ ಸಿಕ್ಕಿದ ತಕ್ಷಣ ಕರ್ಕೊಂಡ್ ಹೋಗ್ತೀನಿ" ಎನ್ನುತ್ತಿದ್ದ, ಹೋಗುತ್ತಿದ್ದ. ಅತ್ತೆಯ ಕಬ್ಬಿಣದ ಟ್ರಂಕು ಆರು ವರ್ಷದಿಂದ ಕಟ್ಟಿಟ್ಟಂತೆಯೇ ಇತ್ತು. ಒಳಗೆ ಹೊಸ ಸಂಸಾರಕ್ಕೆಂದು ಕೊಂಡ ಹಿತ್ತಾಳೆಯ ಪಾತ್ರೆಗಳು. ಅವಳ ಅಮ್ಮ ಕೊಟ್ಟ ಸಾರಿನ ಪಾತ್ರೆ ಎಲ್ಲಕ್ಕಿಂತ ಮೇಲೆ. ಮಾವ ಬರುವ ದಿನ ಅವಳು ಅವರೆಕಾಳಿನ ಸಾರು ಮಾಡಿ ಕಾಯುವಳು. ಅವನು ಕಾಲು ತೊಳೆದುಕೊಂಡು ಬಂದು ಹೊಟ್ಟೆ ಸವರಿಕೊಂಡು, "ಹಸಿವಿಲ್ಲ ಕಣೇ, ಡ್ಯೂಟೀಲೇ ಊಟ ಆಯ್ತು" ಎನ್ನುವನು. ಆ ಸಾರನ್ನು ನಾವು ಮಕ್ಕಳು ಮರುದಿನ ತಂಗಳು ಮುದ್ದೆಗೆ ಹಾಕಿಕೊಂಡು ತಿನ್ನುತ್ತಿದ್ದೆವು.

ಐವತ್ತರ ದಶಕದ ಕೊನೆ, ನನಗೆ ಹತ್ತು ವರ್ಷ. ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಕಣದಲ್ಲಿ ಟೆಂಟ್ ಸಿನಿಮಾ ಬರುತ್ತಿತ್ತು. ಮನೆಯ ಎಲ್ಲ ಹೆಂಗಸರಿಗೂ ಹೋಗಲು ದೊಡ್ಡಪ್ಪನ ಅಪ್ಪಣೆಯಿಲ್ಲ. ಹಾಗಾಗಿ ಒಬ್ಬಳು ಮೊದಲ ಆಟಕ್ಕೆ ಹೋಗಿ ಬಂದು, ಮರುದಿನ ಹುಣಸೆಹಣ್ಣು ಬಿಡಿಸುವಾಗ ಉಳಿದವರಿಗೆ ಇಡೀ ಕಥೆ ಹೇಳಬೇಕು. ಹಾಗೆ ಹೇಳುವವಳಿಗೆ ಹಣ್ಣು ಬಿಡಿಸುವ ಕೆಲಸ ಮಾಫಿ. ನಮ್ಮ ಮನೆಯಲ್ಲಿ ಆ ಒಬ್ಬಳು ಗೌರತ್ತೆಯೇ. ಪತ್ತೇದಾರಿ ಕಥೆಯಾದರೆ ಕೊಲೆಗಾರ ಯಾರೆಂದು ಬಾಯಿ ಬಿಡದೆ ನಮ್ಮನ್ನು ಸಾಯಿಸುತ್ತಿದ್ದಳು. ತಮಾಷೆಯ ಕಥೆಯಾದರೆ ಎದ್ದು ನಿಂತು ಆಡಿ ತೋರಿಸುತ್ತಿದ್ದಳು.

ಆ ಸಲ ಬಂದಿದ್ದು ತಮಾಷೆಯದು. ಒಬ್ಬನಿಗೆ ಎರಡು ಮನೆ, ಇಬ್ಬರು ಹೆಂಡಿರು. ಒಬ್ಬಳಿಗೆ ಇನ್ನೊಬ್ಬಳು ಗೊತ್ತಿಲ್ಲ. ಒಂದು ಮನೆಯಲ್ಲಿ ಉಂಡು ಓಡಿಬಂದು ಇನ್ನೊಂದು ಮನೆಯಲ್ಲಿ ಮತ್ತೆ ಎಲೆಯ ಮುಂದೆ ಕೂರಬೇಕು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೊಟ್ಟೆ ಮುಂದೆ ಮಾಡಿ, ಏದುಸಿರು ಬಿಡುತ್ತಾ ನಡೆದಳು. ನಕ್ಕೂ ನಕ್ಕೂ ನಮ್ಮ ಕಣ್ಣಲ್ಲಿ ನೀರು. ಅವಳು ಹೊಟ್ಟೆ ಸವರಿಕೊಂಡು ಆ ಗಂಡಸಿನ ದನಿಯಲ್ಲಿ, "ಹಸಿವಿಲ್ಲ ಕಣೇ..." ಅಂದಳು. ಅಷ್ಟೇ. ಕೈ ಹೊಟ್ಟೆಯ ಮೇಲೇ ಇತ್ತು. ನಾನು ದಡ್ಡಿ, "ಆಮೇಲೆ? ಹೇಳತ್ತೆ, ಆಮೇಲೆ?" ಎಂದು ಸೆರಗು ಜಗ್ಗಿದೆ. ದೊಡ್ಡಮ್ಮ ಮಾತ್ರ ತಲೆ ತಗ್ಗಿಸಿ, ಬೀಜ ತೆಗೆದಿದ್ದ ಹಣ್ಣನ್ನೇ ಮತ್ತೆ ಮತ್ತೆ ಬಿಡಿಸುತ್ತಿದ್ದಳು.

ಮುಂದಿನ ಸಲ ಮಾವ ಬಂದಾಗ, ಎಲ್ಲರೂ ಪಡಸಾಲೆಯಲ್ಲಿರುವಾಗಲೇ ಅತ್ತೆ ಕೇಳಿದಳು: "ಯಾರ ಮನೇಲಿ ಉಂಡ್ಕೊಂಡ್ ಬಂದ್ರಿ?"

ಮಾವ ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಗುಡುಗಿದ. "ಸಿನಿಮಾ ನೋಡಿ ನೋಡಿ ತಲೆ ಕೆಟ್ಟೈತೆ ಇವ್ಳಿಗೆ! ನಾಳೆಯಿಂದ ಟೆಂಟಿನ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ." ಅಂದಿನಿಂದ ಊರಲ್ಲೆಲ್ಲ ಅವಳಿಗೆ ತಲೆ ನೆಟ್ಟಗಿಲ್ಲ ಎಂಬ ಹೆಸರು. ದೊಡ್ಡಮ್ಮ ಅಡಿಗೆಮನೆಯಲ್ಲಿ ಪಿಸುಗುಟ್ಟಿದ್ದನ್ನು ನಾನೇ ಕೇಳಿದೆ: "ಅಜ್ಜಂಪುರದಾಗೆ ಟೇಸನ್ ಹಿಂದೆ ಮನೆ ಮಾಡವ್ನೆ ಕಣೇ ಗೌರಿ. ನಿಮ್ಮಣ್ಣಂಗೂ ಗೊತ್ತು. ಮನೆ ಮರ್ಯಾದೆ, ಸುಮ್ನಿರು." ಪತ್ತೇದಾರಿ ಸಿನಿಮಾದಲ್ಲಿ ಕಳ್ಳ ಯಾರೆಂದು ಒಬ್ಬನಿಗೆ ಮಾತ್ರ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಥೂ, ಎಂಥ ಮರ್ಯಾದೆ ಅದು!

ವಾರದೊಳಗೆ, ದೊಡ್ಡಪ್ಪ ಕಡೂರಿಗೆ ಹೋಗಿದ್ದ ದಿನ, ಅತ್ತೆ ನನ್ನ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು. ಬೀರೂರಿನಲ್ಲಿ ರೈಲು ಹಿಡಿದು ಅಜ್ಜಂಪುರದಲ್ಲಿ ಇಳಿದೆವು. ಸ್ಟೇಷನ್ ಹಿಂದಿನ ಹೆಂಚಿನ ಮನೆಯ ಬಾಗಿಲಿಗೆ ಬಂದವಳು ಅತ್ತೆಯಷ್ಟೇ ವಯಸ್ಸಿನವಳು, ಕಂಕುಳಲ್ಲಿ ಮಗು. ಮಾವನ ಹೆಸರು ಹೇಳಿದರೆ ಮುಖ ಅರಳಿತು. "ಈಗಿನ್ನೂ ಉಂಡ್ಕೊಂಡ್ ಡ್ಯೂಟಿಗೆ ಹೋದ್ರಲ್ಲಕ್ಕಾ. ಅವರ ಕಡೇರಾ? ಅವರ ಕಡೆಯೋರು ಯಾರೂ ಬಂದಿರ್ನಿಲ್ಲ. ಬನ್ನಿ, ಬಿಸಿಲಾಗೆ ಬಂದಿದೀರಿ." ಪಾಪ, ಆ ಹುಡುಗಿಗೂ ಗೊತ್ತಿರಲಿಲ್ಲ. ಅತ್ತೆ ನೀರು ಕುಡಿದಳು, ಮಗುವಿನ ತಲೆ ಸವರಿದಳು, "ದೂರದ ಸಂಬಂಧ ಕಣಮ್ಮ, ಈ ಕಡೆ ಬಂದಿದ್ವಿ" ಎಂದು ಎದ್ದಳು.

ಸಂಜೆ ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದ. "ಎಲ್ಲಿಗ್ ಹೋಗಿದ್ರಿ?"

"ಸಿನಿಮಾಕ್ಕೆ ಕಣಣ್ಣ," ಅಂದಳು ಅತ್ತೆ. "ಅದೇ, ಎರಡು ಮನೆಯವನ್ದು. ಅವತ್ತು ಒಂದೇ ಮನೆ ಸರಿಯಾಗಿ ನೋಡಿದ್ದೆ. ಇವತ್ತು ಇನ್ನೊಂದೂ ನೋಡ್ಕೊಂಡ್ ಬಂದೆ. ನೀನೂ ನೋಡಿದೀಯಂತಲ್ಲ, ನಿಂಗೆ ನಗು ಬಂತಾ?"

ಅತ್ತೆ ಅವನನ್ನು ದಾಟಿಕೊಂಡು ಒಳಗೆ ಹೋಗಿ ಟ್ರಂಕಿನ ಬೀಗ ತೆಗೆದಳು. ಪಾತ್ರೆಗಳನ್ನೆಲ್ಲ ಒಂದೊಂದಾಗಿ ಹೊರಗಿಟ್ಟು, ಹುಣಸೆಹಣ್ಣು ಹಾಕಿ ಬೆಳಗಿ, ಅಡಿಗೆಮನೆಯ ಗೋಡೆಹಲಗೆಯ ಮೇಲೆ ಜೋಡಿಸಿದಳು. ಮಾವ ಮತ್ತೆ ನಮ್ಮೂರಿಗೆ ಬರಲಿಲ್ಲ. ಊರಿನವರು ಅವಳನ್ನು ತಲೆ ಕೆಟ್ಟವಳೆಂದೇ ಕೊನೆಯವರೆಗೂ ಕರೆದರು. ಅವರ ನಾಲಿಗೆಗಿಷ್ಟು ಬೆಂಕಿ ಹಾಕ!

ಆ ಪಡಸಾಲೆ ಈಗಿಲ್ಲ, ಆ ಚಾಪೆಯ ಮೇಲೆ ಕೂತಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಅಜ್ಜಂಪುರದ ಆ ಮಗು ಎಲ್ಲಿದೆಯೋ ಗೊತ್ತಿಲ್ಲ. ಸಾರಿನ ಪಾತ್ರೆ ನನ್ನ ಹತ್ತಿರವಿದೆ. ಟ್ರಂಕು ತೆಗೆದ ಆ ರಾತ್ರಿ ಅತ್ತೆ ಅದರಲ್ಲಿ ಅವರೆಕಾಳಿನ ಸಾರು ಮಾಡಿ, ಯಾರಿಗೂ ಕಾಯದೆ, ಮೊದಲು ತನಗೇ ಬಡಿಸಿಕೊಂಡು ಹೊಟ್ಟೆ ತುಂಬ ಉಂಡಳು.