ಹಣೆಗೆ ಸುರಿದ ದಾರೂ

ಮಾಮಲೇದಾರ ಕಚೇರಿಯ ದೊಡ್ಡ ಕೋಣೆಯಲ್ಲಿ ಅಂದು ನಾವು ಕೂತಿದ್ದೆವು. ಮೇಜಿನ ಆಚೆ ತಾಲೂಕಿನ ಮುಖ್ಯಾಧಿಕಾರಿ ಮಾಮಲೇದಾರ ಸಾಹೇಬರು, ಅವರ ಪಕ್ಕಕ್ಕೆ ಪೊಲೀಸ್ ಫೌಜದಾರರು, ಬಾಗಿಲ ಕಡೆ ಬಸ್ಸಿನ ಮಾಲೀಕರು, ಗೋಡೆಗೆ ಆನಿಸಿದ ಕರಿಹಲಗೆಯ ಬದಿಗೆ ದಾರೂಬಂದಿ ಸಮಿತಿಯ ಕಾರ್ಯದರ್ಶಿ ಶಂಕ್ರೆಪ್ಪ ಮಾಸ್ತರು, ಜೊತೆಗೆ ಸರಕಾರಿ ದವಾಖಾನೆಯ ಡಾಕ್ಟರನಾಗಿ ನಾನು. ಹೊರಗೆ ಬೇವಿನ ಗಿಡದ ಕೆಳಗೆ ತಲೆಗೆ ಪಟ್ಟಿ ಸುತ್ತಿಕೊಂಡು ಆ ಮಾಲೀಕರ ಡ್ರೈವರ್ ಬೀರಪ್ಪ ನಿಂತಿದ್ದ. ಸಂಸ್ಥಾನ ಹೋಗಿ ಜಮಖಂಡಿ ಮುಂಬಯಿ ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ದಾರೂಬಂದಿ, ಅಂದರೆ ಪಾನನಿಷೇಧ, ಜೋರಿನಲ್ಲಿತ್ತು. ರಸ್ತೆ ಸುರಕ್ಷತೆಯ ಪ್ರಚಾರಕ್ಕೆಂದು ಕರೆದ ಸಭೆ ಅದು. ಹಲಗೆಯ ಮೇಲೆ ಮಾಸ್ತರು ದುಂಡಗೆ ಬರೆದಿದ್ದರು: "ನಮ್ಮ ಭಾಗದ ಎರಡು ಅಪಘಾತಗಳಲ್ಲಿ ಒಂದಕ್ಕೆ ಕುಡುಕ ಡ್ರೈವರನೇ ಕಾರಣ."

ಆ 'ಒಂದರೊಳಗೆ' ಬೀರಪ್ಪನೂ ಸೇರಿದ್ದ. ಅದೇ ನನ್ನನ್ನು ಕಾಡುತ್ತಿದ್ದ ಮಾತು.

ಸಾವಳಗಿ ದಾರಿಯಲ್ಲಿ ಹಳ್ಳ ದಾಟುವ ಒಂದು ಮೋರಿ ಇತ್ತು. ಅದರ ಪಕ್ಕದ ಗೋಡೆ ಎಂದೋ ಬಿದ್ದುಹೋಗಿತ್ತು. ಎದುರಿಗೆ ಎತ್ತಿನ ಗಾಡಿ ಬಂದಾಗ ಬೀರಪ್ಪ ಬಸ್ಸನ್ನು ಬದಿಗೆ ತೆಗೆದ. ಗಾಲಿ ಜಾರಿ ಬಸ್ಸು ಹಳ್ಳಕ್ಕೆ ವಾಲಿತು. ಜೀವ ಯಾರದೂ ಹೋಗಲಿಲ್ಲ, ಬೀರಪ್ಪನ ಹಣೆ ಮಾತ್ರ ಒಡೆಯಿತು. ಹೊಲದ ಗುಡಿಸಲುಗಳ ಮಂದಿ ಓಡಿ ಬಂದರು. ಗಾಯ ಅಂದರೆ ದಾರೂ ಸುರಿಯುವುದು ಆ ಕಡೆಯ ರೂಢಿ. ದಾರೂಬಂದಿಯ ಕಾಲದಲ್ಲಿ ಬಾಟಲಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹಣೆಯ ಮೇಲೆ ಸುರಿದದ್ದು ಇಳಿದು ಅಂಗಿ, ಧೋತರ ಎಲ್ಲ ತೋಯ್ದಿತ್ತು. ದವಾಖಾನೆಗೆ ತಂದಾಗ ಭಟ್ಟಿಯೇ ಎದ್ದು ಬಂದಂಥ ನಾತ. ನಾನು ಬಾಯಿ ಮೂಸಿದೆ, ಕಣ್ಣು ನೋಡಿದೆ, ನಡೆಸಿದೆ, ಮಾತಾಡಿಸಿದೆ. ಮನುಷ್ಯ ಕುಡಿದಿರಲಿಲ್ಲ. ರಿಪೋರ್ಟಿನಲ್ಲಿ ಹಾಗೆಯೇ ಬರೆದೆ. ಆದರೆ ಪೊಲೀಸರು ಸ್ಥಳದಲ್ಲಿ ಸಾಕ್ಷಿಗಳ ಮುಂದೆ ಮಾಡುವ ಪಂಚನಾಮೆಯಲ್ಲಿ 'ಡ್ರೈವರನ ಮೈಯಿಂದ ದಾರೂ ವಾಸನೆ' ಎಂದು ಬಂತು. ಅದೂ ಸುಳ್ಳಲ್ಲ. ವಿಚಾರಣೆ ಮುಗಿಯುವ ತನಕ ಲೈಸೆನ್ಸು ಜಪ್ತಾಯಿತು.

ಸಭೆಯಲ್ಲಿ ನಾನು ಕೇಳಿದೆ: "ಮಾಸ್ತರ, ಈ ಲೆಕ್ಕದಾಗ ಬೀರಪ್ಪನ್ನೂ ಹಿಡದೀರೇನ್ರಿ?"

"ಹಿಡೀಲಾರದ ಏನ್ರಿ? ಪಂಚನಾಮೆಯೊಳಗ ವಾಸನಿ ಅಂತ ಐತಲ್ಲ."

"ವಾಸನಿ ಹಣಿಯಿಂದ ಬಂತ್ರಿ, ಬಾಯಿಂದಲ್ಲ."

ಫೌಜದಾರರು ನಕ್ಕುಬಿಟ್ಟರು. "ಹಣೀಲೇ ಕುಡಿಯೋ ಮಂದಿನ್ನ ಡಾಕ್ಟರ್ ಸಾಹೇಬ್ರು ಒಬ್ಬರಽ ನೋಡ್ಯಾರ ನೋಡ್ರಿ!"

ನಾನು ಬಿಡದೆ ಉಳಿದವನ್ನೂ ಕೇಳಿದೆ. ಮುಧೋಳದ ದಾರಿಯಲ್ಲಿ ಕುಡಿದು ಅಡ್ಡ ಮಲಗಿದ್ದವನ ಕಾಲ ಮೇಲೆ ಲಾರಿ ಹಾದಿತ್ತು. ಲಾರಿಯವನು ಒಂದು ಹನಿ ಮುಟ್ಟಿದವನಲ್ಲ. ಬನಹಟ್ಟಿಯಲ್ಲಿ ಕುಡಿದ ಪ್ರಯಾಣಿಕ ಬಸ್ಸಿನ ಟಾಪಿನ ಮೇಲಿಂದ ಬಿದ್ದಿದ್ದ. ಎರಡೂ ಲೆಕ್ಕದಲ್ಲಿದ್ದವು. ಕುಡಿದವನು ಯಾರೇ ಇರಲಿ, ಎಲ್ಲೇ ಇರಲಿ, ಹಲಗೆಗೆ ಬರುವ ಹೊತ್ತಿಗೆ ಡ್ರೈವರನ ಸೀಟಿಗೆ ಬಂದು ಕೂತಿದ್ದ.

ಮಾಸ್ತರರನ್ನು ಕೆಟ್ಟವರೆನ್ನಲು ನನ್ನ ನಾಲಗೆ ಏಳುವುದಿಲ್ಲ. ಅವರ ಅಣ್ಣ ಕುಡಿದು ಕುಡಿದು ಹೆಂಡತಿ ಮಕ್ಕಳ ಕಣ್ಣೆದುರಿಗೇ ತೀರಿಕೊಂಡಿದ್ದ. "ಅಂಕಿ ಸಣ್ಣದಾದ್ರ ಯಾರು ಅಂಜತಾರ್ರಿ?" ಅಂದರು. "ನಾ ಏನು ನನ್ನ ಹೊಟ್ಟಿಗಿ ಮಾಡಾಕತ್ತೇನೇನು? ನಾಕ ಮಂದಿ ಬಿಟ್ರ ನಾಕ ಮನಿ ಉಳೀತಾವ."

"ಬೀರಪ್ಪನ ಮನಿ, ಮಾಸ್ತರ?"

ಅವರು ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಝಾಡಿಸಿದರು. ನಾನು ಮೋರಿಯ ಬಿದ್ದ ಗೋಡೆಯ ಮಾತು ತೆಗೆದೆ. ಮಾಮಲೇದಾರರು, "ಕಾರಣ ದಾರೂ ಅಂತ ಗೊತ್ತಾದ ಮ್ಯಾಲ ಗ್ವಾಡಿಗೆ ಯಾಕ್ರಿ ಖರ್ಚು?" ಅಂದರು. ಹಲಗೆಯ ಮೇಲಿನ ಅಕ್ಷರಗಳು ಆ ಮೋರಿಯನ್ನೂ ಮುಚ್ಚಿಬಿಟ್ಟಿದ್ದವು.

ಹೊರಗೆ ಬಂದಾಗ ಬೀರಪ್ಪ ಹತ್ತಿರ ಬಂದ. "ಸಾಹೇಬ್ರ, ಆ ಹಲಗಿ ಮ್ಯಾಲ ನಾನೂ ಅದೇನೇನ್ರಿ?"

ಸುಳ್ಳು ಹೇಳುವುದು ಆಗಲಿಲ್ಲ. "ಅದೀಪಾ."

"ಬೀರದೇವರ ಅರಿಷಿಣ ಭಂಡಾರ ಹಣಿಗೆ ಹಚ್ಚಿಕೊಂಡ ಮ್ಯಾಲನಽ ನಾ ಸ್ಟೇರಿಂಗ್ ಹಿಡಿಯಾಂವ. ಈಗ ಚಾ ಅಂಗಡ್ಯಾಗ ಕುಂತ್ರ ಕೇಳತಾರ್ರಿ, 'ಏನಲೇ ಬೀರ್ಯಾ, ಬಸ್ಸಿಗೆ ಪೆಟ್ರೋಲು, ನಿನಗೇನ ಹಾಕತಾರಲೇ?' ಅಂತ. ನಕ್ಕೋತ ಕೇಳತಾರ. ನಾನೂ ನಗತೇನಿ. ಮನಿಗೆ ಹೋದ ಮ್ಯಾಲ ಊಟ ಇಳ್ಯಾಂಗಿಲ್ಲ."

ಹಿಂದೆಯೇ ಬಂದ ಮಾಲೀಕರು ಬೇರೆ ಕಡೆ ನೋಡುತ್ತ ಅಂದರು: "ನೀ ಛಲೋ ಮನಷ್ಯಾ ಖರೆ. ಆದ್ರ ಹಲಗಿ ಮ್ಯಾಲ ಇದ್ದವನ ಕೈಯಾಗ ನಾ ಬಸ್ ಹೆಂಗ ಕೊಡ್ಲೆಪಾ?"

ವಿಚಾರಣೆ ವಿಜಾಪುರದಲ್ಲಿ ನಡೆಯಿತು. ಸಾಕ್ಷಿಗೆ ನಾನು ಹೋದೆ. ಬಟ್ಟೆಯ ವಾಸನೆ ಬೇರೆ, ಉಸಿರಿನ ವಾಸನೆ ಬೇರೆ, ಕುಡಿದವನ ಕಣ್ಣು, ಕಾಲು, ಮಾತು ಹೇಗಿರುತ್ತವೆ ಅಂತ ತಿಳಿಸಿ ಹೇಳಿದೆ. ವಿಚಾರಣೆಯ ಅಧಿಕಾರಿ ಒಪ್ಪಿದರು. ಲೈಸೆನ್ಸು ಮರಳಿ ಬಂತು, ಮಾಲೀಕರೂ ಒಲ್ಲದ ಮನಸ್ಸಿನಿಂದ ಬಸ್ಸು ಕೊಟ್ಟರು. ಆದರೆ ಹಲಗೆ ಬದಲಾಗಲಿಲ್ಲ. ಅದೇ ಸಾಲು ಬಟ್ಟೆಯ ಮೇಲೆ ಬರೆಸಿಕೊಂಡು ರಬಕವಿ, ಬೀಳಗಿ, ಮುಧೋಳದ ಸಂತೆಗಳಿಗೆ ಹೋಯಿತು. ಬೀರಪ್ಪ ತನ್ನ ಬಸ್ಸಿನಲ್ಲೇ, ರಸ್ತೆಗೆ ಅಡ್ಡ ಕಟ್ಟಿದ ಆ ಬಟ್ಟೆಯ ಕೆಳಗೆ ಹಾದುಹೋಗಬೇಕಾಯಿತು.

ಕುಡಿದು ಗಾಡಿ ಹೊಡೆದವರ ಕೈಕಾಲು ಕತ್ತರಿಸಿದ ಡಾಕ್ಟರ್ ನಾನು. ಕುಡಿತದ ಪರ ವಕಾಲತ್ತು ಮಾಡುವವನಲ್ಲ. ಆದರೆ ಅಂದಿನಿಂದ ಯಾರಾದರೂ ಒಂದು ಅಂಕಿ ಮುಂದಿಟ್ಟರೆ, ಅದರೊಳಗೆ ಯಾರು ಯಾರನ್ನು ತಂದು ಕೂಡಿಸಿದ್ದೀರಿ ಅಂತ ಮೊದಲು ಕೇಳುತ್ತೇನೆ. ದವಾಖಾನೆ ನನಗೆ ಕಲಿಸಿದ ಪಾಠಗಳಲ್ಲಿ ಇದೂ ಒಂದು.

ಮರುವರ್ಷ ತೇರದಾಳದ ಒಂದು ಜೈನ ಮನೆತನದವರ ಕಾರು ಅದೇ ಮೋರಿಯಲ್ಲಿ ಉರುಳಿತು. ಹಿಂದೆಯೇ ಬರುತ್ತಿದ್ದ ಬೀರಪ್ಪ ಬಸ್ಸು ನಿಲ್ಲಿಸಿ, ಎಲ್ಲರನ್ನೂ ಬಸ್ಸಿಗೆ ಹಾಕಿಕೊಂಡು ನೇರ ದವಾಖಾನೆಗೆ ತಂದ. ಆ ಮನೆಯ ಹಿರಿಯ ಅಮ್ಮನವರು ದಾರಿಯಲ್ಲೇ ತೀರಿಕೊಂಡಿದ್ದರು. ಕಾರಿನ ಡ್ರೈವರನ ತಲೆಗೆ ಬೀರಪ್ಪನ ರುಮಾಲು ಸುತ್ತಿತ್ತು, ನೀರಿನಲ್ಲಿ ತೋಯಿಸಿದ್ದು. ಬಿಚ್ಚಿದೆ. ರಕ್ತದ ವಾಸನೆ ಬಿಟ್ಟರೆ ಬೇರೆ ಇರಲಿಲ್ಲ.

"ಗುಡಿಸಲ ಮಂದಿ ಬರಲಿಲ್ಲೇನೋ?" ಅಂದೆ.

"ಬಂದಿದ್ರರಿ. ಬಾಟ್ಲಿ ತಂದಿದ್ರು. ನಾ ಸುರೀಗೊಡಲಿಲ್ಲರಿ, ಸಾಹೇಬ್ರ. ಇಂವಾ ಡ್ರೈವರ್ ಅದಾನ."

ಈ ಸಲದ ಪಂಚನಾಮೆಯಲ್ಲಿ ವಾಸನೆಯ ಮಾತು ಬರಲಿಲ್ಲ. ಮೋರಿಗೆ ಗೋಡೆ ಇಲ್ಲ ಎಂದು ಬಂತು. ಮಳೆಗಾಲಕ್ಕೆ ಮೊದಲು ಗೋಡೆ ಎದ್ದಿತು.